ಹದಿಹರೆಯದ ಮಕ್ಕಳಿಗೆ ವೈದ್ಯರು ಕೇಳುವ ಆ ಪ್ರಶ್ನೆ

“ಹೊಟ್ಟೆನೋವೆಂದು ಮಗಳನ್ನು ಕರೆತಂದರೆ, ಡಾಕ್ಟರು ನಮ್ಮನ್ನು ಹೊರಗೆ ಕೂರಿಸಿ, ಸಾಯಬೇಕೆನಿಸುತ್ತದೆಯೇ ಎಂದು ಅವಳನ್ನು ಕೇಳಿದರಂತೆ. ಇದೆಂಥ ಪ್ರಶ್ನೆ?” ಎಂದು ಕೆಲವು ತಂದೆತಾಯಿಯರು ಬೇಸರಪಡುವುದುಂಟು. ಬೇಸರ ಸಹಜವೇ. ಆದರೆ ಆ ಪ್ರಶ್ನೆಯ ಹಿಂದಿನ ಕಾರಣವನ್ನು ತಿಳಿದುಕೊಳ್ಳುವುದು ಅಗತ್ಯ.

ಮನಸ್ಸಿಗೆ ಕಷ್ಟವಾದಾಗ ಹದಿಹರೆಯದ ಮಕ್ಕಳು ಮನೋವೈದ್ಯರನ್ನು ಹುಡುಕಿಕೊಂಡು ಹೋಗುವುದು ಅಪರೂಪ. ಪದೇ ಪದೇ ತಲೆನೋವು, ಹೊಟ್ಟೆನೋವು, ನಿದ್ದೆ ಬಾರದಿರುವುದು, ಊಟ ಬೇಡವೆನ್ನುವುದು ಮುಂತಾದ ತೊಂದರೆಗಳಿಂದ ಅವರು ಮೊದಲು ಬರುವುದು ಮಕ್ಕಳ ವೈದ್ಯರ ಬಳಿಗೇ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಸರಿಯಿದ್ದರೂ ನೋವು ಮಾತ್ರ ಹೋಗಿರುವುದಿಲ್ಲ. ಕೇಳದ ಹೊರತು ಮಗು ಬಾಯಿಬಿಡುವುದಿಲ್ಲ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ತಜ್ಞರು ಮಕ್ಕಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಅಧ್ಯಯನ ನಡೆಸಿ, 2012ರಲ್ಲಿ ‘ಎ.ಎಸ್.ಕ್ಯು.’ ಎಂಬ ನಾಲ್ಕು ಪ್ರಶ್ನೆಗಳ ಪಟ್ಟಿಯನ್ನು ಪ್ರಕಟಿಸಿದರು. ಇತ್ತೀಚೆಗೆ ಬದುಕು ಬೇಡವೆನಿಸಿತ್ತೇ, ತಾನಿಲ್ಲದಿದ್ದರೆ ಮನೆಯವರಿಗೇ ಒಳಿತೆನಿಸಿತ್ತೇ, ಜೀವ ತೆಗೆದುಕೊಳ್ಳುವ ಯೋಚನೆ ಬಂದಿತ್ತೇ, ಹಿಂದೆ ಎಂದಾದರೂ ಪ್ರಯತ್ನಿಸಿದ್ದುಂಟೇ ಎಂಬುದಷ್ಟೇ ಅದರ ಸಾರ. ಒಂದಕ್ಕೆ ‘ಹೌದು’ ಎಂದರೂ, ಈ ಕ್ಷಣದಲ್ಲಿ ಆ ಯೋಚನೆ ಇದೆಯೇ ಎಂಬ ಐದನೆಯ ಪ್ರಶ್ನೆ ಕೇಳುತ್ತಾರೆ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯು 2022ರಲ್ಲಿ, 12 ವರ್ಷ ಮೇಲ್ಪಟ್ಟ ಎಲ್ಲ ಮಕ್ಕಳನ್ನೂ ಹೀಗೆ ವಿಚಾರಿಸಬೇಕೆಂದು ಸಲಹೆ ನೀಡಿತು. ಅಂದರೆ ನಿಮ್ಮ ಮಗುವಿನ ಮೇಲೆ ಅನುಮಾನವಿದೆ ಎಂದು ಅರ್ಥವಲ್ಲ.

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲವೇ? ಇಲ್ಲ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವು ಇದನ್ನೇ ಪರೀಕ್ಷಿಸಿತು. ಪ್ರಶ್ನೆ ಕೇಳಿಸಿಕೊಂಡ ಮಕ್ಕಳಲ್ಲಿ ಅಂಥ ಯೋಚನೆ ಹೆಚ್ಚಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದ ಮಕ್ಕಳಿಗೂ ಕೇಳಿದ್ದರಿಂದ ಹಾನಿಯಾಗಲಿಲ್ಲ.

ತಂದೆತಾಯಿಯರ ಎದುರು ಮಗು “ಏನಿಲ್ಲ” ಎನ್ನುವುದೇ ಹೆಚ್ಚು. ಹೊರಗೆ ಕೂರಿಸುವುದು ಅದಕ್ಕಾಗಿ. ಜೀವಕ್ಕೆ ಅಪಾಯವಿದ್ದರೆ ನಿಮಗೆ ತಿಳಿಸಿಯೇ ತೀರುತ್ತಾರೆ. ‘ಹೌದು’ ಎಂದ ಮಕ್ಕಳೆಲ್ಲರೂ ತಕ್ಷಣದ ಅಪಾಯದಲ್ಲಿರುವುದಿಲ್ಲ. ವೈದ್ಯರು ಇನ್ನಷ್ಟು ಮಾತನಾಡಿ, ಆಪ್ತಸಲಹೆ ಸಾಕೇ, ಮನೋವೈದ್ಯರು ನೋಡಬೇಕೇ, ಅಂದೇ ದಾಖಲಿಸಬೇಕೇ ಎಂದು ನಿರ್ಧರಿಸುತ್ತಾರೆ.

ಆಗ ಮನೆಯಲ್ಲಿ ನಿಮ್ಮ ಪಾಲಿನ ಕೆಲಸವೂ ಇದೆ, ಅದು ಔಷಧಿಯಷ್ಟೇ ಮುಖ್ಯ. ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಮನೆಯೊಳಗೆ ಇಡಲೇಬಾರದು. ಬೇರೆಡೆ ಬೀಗ ಹಾಕಿ, ಬೀಗದ ಕೈಯನ್ನು ದೊಡ್ಡವರೊಬ್ಬರು ತಮ್ಮಲ್ಲೇ ಇಟ್ಟುಕೊಳ್ಳಬೇಕು. ಅಜ್ಜ-ಅಜ್ಜಿಯರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳಿಗೂ ಇದೇ ಮಾತು. ‘ಮನಸ್ಸು ಮಾಡಿದವರನ್ನು ತಡೆಯುವವರಾರು’ ಎಂಬ ಮಾತು ನಿಜವಲ್ಲ. ಆ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನಗಳಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಪಕ್ಕದ ಮನೆಯ ಹುಡುಗನ ಅಂಕಗಳ ಮಾತು ಆ ವಾರವಾದರೂ ಬೇಡ!

ಪೊಲೀಸ್ ಕೇಸಿನ ಭಯದಿಂದ ವಿಷಯ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮಿನ ಪ್ರಕಾರ, ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಆದ್ದರಿಂದ ಹಿಂದೆ ನಡೆದದ್ದನ್ನು ವೈದ್ಯರಿಗೆ ಧೈರ್ಯವಾಗಿ ತಿಳಿಸಿರಿ.

ರಾತ್ರಿ ವೇಳೆ ಗಾಬರಿಯಾದರೆ 14416ಕ್ಕೆ ಕರೆ ಮಾಡಿರಿ. 2022ರಲ್ಲಿ ಆರಂಭವಾದ ಈ ‘ಟೆಲಿ ಮಾನಸ್’ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಮಕ್ಕಳೇ ಕರೆ ಮಾಡಲು 1098 ಇದೆ. ಮಗು ಏನಾದರೂ ಸೇವಿಸಿರುವ ಅನುಮಾನವಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ, ಡಬ್ಬಿ ಅಥವಾ ಚೀಟಿಯ ಸಮೇತ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆತನ್ನಿರಿ.