ಅಂತರ್ಜಾಲ ಸಂಪರ್ಕದ ಮಿತಬಳಕೆ ಮತ್ತು ಪ್ರಾಕ್ಸಿ ಸರ್ವರ್

ಸಿಂಧಘಟ್ಟದಂತಹ ಗ್ರಾಮಗಳಲ್ಲಿ ಇ-ಸ್ವತ್ತು ನಮೂನೆ 9ಕ್ಕಾಗಿ ಬಂದವರು, ಕಚೇರಿಯ ಸಂಪರ್ಕ ನಿಧಾನವಾದಲ್ಲಿ ಅಂದಿನ ಕೂಲಿಯನ್ನೇ ಕಳೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಹೊಸ ಸಂಪರ್ಕ ಕೋರುವ ಮುನ್ನ ಇರುವ ಸಂಪರ್ಕದ ಬಳಕೆಯನ್ನು ಸದಸ್ಯರು ಪರಿಶೀಲಿಸುವುದು ಸೂಕ್ತ.

ಕಚೇರಿಯ ಗಣಕಯಂತ್ರಗಳಿಗೂ ಅಂತರ್ಜಾಲಕ್ಕೂ ನಡುವೆ ಇರಿಸುವ ಪ್ರಾಕ್ಸಿ ಸರ್ವರ್, ಒಮ್ಮೆ ತರಿಸಿದ ಕಡತದ ಪ್ರತಿಯನ್ನು ಸಂಗ್ರಹಿಸಿಟ್ಟು, ಮತ್ತೆ ಕೇಳಿದ ಯಂತ್ರಕ್ಕೆ ಅದನ್ನೇ ನೀಡುತ್ತದೆ. 5 ಗಣಕಯಂತ್ರಗಳು 500 ಎಂಬಿಯ ಒಂದೇ ಕಡತವನ್ನು ಪಡೆಯುವಾಗ 2,500 ಎಂಬಿಯ ಬದಲು 500 ಎಂಬಿ ಸಾಕಾಗುತ್ತದೆ. ಸ್ಕ್ವಿಡ್ ಎಂಬ ಉಚಿತ ತಂತ್ರಾಂಶ ಈ ಕಾರ್ಯಕ್ಕೆ ಬಳಕೆಯಲ್ಲಿದೆ.

ಆದರೆ ಎಚ್‌ಟಿಟಿಪಿಎಸ್ ಮೂಲಕ ಗೂಢಲಿಪಿಯಲ್ಲಿ ಬರುವ ಪುಟಗಳು ಸಾಮಾನ್ಯವಾಗಿ ಸಂಗ್ರಹವಾಗುವುದಿಲ್ಲ. ಇಂದಿನ ಬಹುತೇಕ ಜಾಲತಾಣಗಳು ಇದೇ ಬಗೆಯವು. ಅಲ್ಲಿ ವೇಗಮಿತಿಯೇ ಉಪಾಯ. ಕಚೇರಿ ವೇಳೆಯಲ್ಲಿ ವಿಡಿಯೊ ತಾಣಗಳಿಗೆ ಮಿತಿ ವಿಧಿಸಿ, ದೊಡ್ಡ ಅಪ್‌ಡೇಟ್‌ಗಳನ್ನು ಕಚೇರಿ ವೇಳೆಯ ನಂತರಕ್ಕೆ ನಿಗದಿಪಡಿಸಬಹುದು. ಯಾವ ಸೇವೆಗೆ ಮೊದಲ ಆದ್ಯತೆ ಎಂಬುದನ್ನು ಸಾಮಾನ್ಯ ಸಭೆಯಲ್ಲಿ ತೀರ್ಮಾನಿಸಿ, ನಡಾವಳಿಯಲ್ಲಿ ದಾಖಲಿಸುವುದು ಅವಶ್ಯಕ.