ರಾವಣನ ಪಾತ್ರ: ಗುಣ-ದೋಷ ವಿವೇಚನೆ

ದೆಹಲಿಯಂಥ ಉತ್ತರದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ದಸರೆಯೆಂದರೆ ಎರಡು ಹಬ್ಬ. ಮನೆಯೊಳಗೆ ಬೊಂಬೆ ಕೂರಿಸಿ, ದೇವಿಯನ್ನು ಪೂಜಿಸಿ, ಬನ್ನಿ ಕೊಟ್ಟು ಹಿರಿಯರಿಗೆ ನಮಸ್ಕರಿಸುವುದು ಒಂದು. ಸಂಜೆ ಮೈದಾನಕ್ಕೆ ಹೋಗಿ ರಾವಣದಹನವನ್ನು ನೋಡುವುದು ಇನ್ನೊಂದು. ನಮ್ಮ ನಾಡಿನ ದಸರೆಯಲ್ಲಿ ಪ್ರತಿನಾಯಕನ ಸ್ಥಾನ ಮಹಿಷಾಸುರನದು. ಇಲ್ಲಿ ಆ ಸ್ಥಾನ ರಾವಣನಿಗೆ ಸಂದಿದೆ. ಒಮ್ಮೆ ಹೀಗೆ ಮೈದಾನದಲ್ಲಿ ನಿಂತಿದ್ದಾಗ, ರಾವಣನ ಅಕ್ಕಪಕ್ಕದಲ್ಲಿದ್ದ ಮೇಘನಾದ-ಕುಂಭಕರ್ಣರ ಆಕೃತಿಗಳನ್ನು ತೋರಿಸಿ ನನ್ನ ಮಗಳು, "ಅಪ್ಪಾ, ಕುಂಭಕರ್ಣ ಏನು ತಪ್ಪು ಮಾಡಿದ? ಅವನನ್ನೇಕೆ ಸುಡುತ್ತಾರೆ?" ಎಂದು ಕೇಳಿದಳು. ಆ ಗದ್ದಲದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ವಾಲ್ಮೀಕಿ ರಾಮಾಯಣವನ್ನು ತೆರೆದೆ. ಈ ಲೇಖನ ಆ ಓದಿನ ಫಲ. ನಾನು ಸಂಸ್ಕೃತ ಪಂಡಿತನಲ್ಲ; ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆಯುವವನು. ವಾಚಕರು ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ರಾವಣನ ಜಮಾ ಬಾಜು ಸಾಮಾನ್ಯವಾದುದಲ್ಲ. ಬ್ರಹ್ಮನ ಮಾನಸಪುತ್ರ ಪುಲಸ್ತ್ಯನ ಮೊಮ್ಮಗ, ವಿಶ್ರವಸ್ಸಿನ ಮಗ. ವೇದವನ್ನು ಬಲ್ಲವನು, ಅಗ್ನಿಹೋತ್ರಿ. ಹತ್ತು ಸಾವಿರ ವರ್ಷ ತಪಸ್ಸು ಮಾಡಿ, ಸಾವಿರ ವರ್ಷಕ್ಕೊಂದರಂತೆ ತನ್ನ ಒಂಬತ್ತು ತಲೆಗಳನ್ನು ಅಗ್ನಿಗೆ ಆಹುತಿಯಿತ್ತನೆಂದು ಉತ್ತರಕಾಂಡ ಹೇಳುತ್ತದೆ. ಕೈಲಾಸವನ್ನೆತ್ತಲು ಹೋಗಿ ಅದರಡಿಯಲ್ಲಿ ತೋಳು ಸಿಕ್ಕಿ ಗರ್ಜಿಸಿದನು. ಅನಂತರ ಶಿವನನ್ನೇ ಸ್ತುತಿಸಿ ಚಂದ್ರಹಾಸವೆಂಬ ಖಡ್ಗವನ್ನು ಪಡೆದನು. ರಾವಣನೆಂಬ ಹೆಸರು ಬಂದುದೂ ಆ ಗರ್ಜನೆಯಿಂದಲೇ. ಗೋಕರ್ಣದ ಆತ್ಮಲಿಂಗದ ಕಥೆಯನ್ನು ಕೇಳದ ಕನ್ನಡಿಗರುಂಟೆ? ತಾಯಿಗಾಗಿ ಲಿಂಗವನ್ನು ತರಲು ಹೊರಟ ಮಗನೆಂದೇ ನಮ್ಮ ಕರಾವಳಿಯ ಜನ ಅವನನ್ನು ನೆನೆಯುತ್ತಾರೆ.

ಶತ್ರುವಿನ ಬಾಯಿಂದ ಬಂದ ಪ್ರಶಂಸೆಗೆ ಬೆಲೆ ಹೆಚ್ಚು. ಸುಂದರಕಾಂಡದಲ್ಲಿ ಬಂಧಿತನಾಗಿ ಸಭೆಗೆ ಬಂದ ಹನುಮಂತನು ಸಿಂಹಾಸನದ ಮೇಲಿದ್ದ ರಾವಣನನ್ನು ಕಂಡು ಬೆರಗಾಗುತ್ತಾನೆ. ಆ ರೂಪ, ಆ ಧೈರ್ಯ, ಆ ತೇಜಸ್ಸು! ಅಧರ್ಮವೊಂದು ಇಷ್ಟು ಬಲವಾಗಿರದಿದ್ದಲ್ಲಿ ಇವನು ದೇವಲೋಕಕ್ಕೇ ರಕ್ಷಕನಾಗಬಹುದಾಗಿತ್ತಲ್ಲಾ ಎಂದು ಮನಸ್ಸಿನಲ್ಲೇ ಮರುಗುತ್ತಾನೆ. ಇದನ್ನು ನೆನೆಯುವವನು ತನ್ನ ಬಾಲಕ್ಕೆ ಬೆಂಕಿ ಹಚ್ಚಿಸಿಕೊಳ್ಳಲಿರುವ ದೂತ ಎಂಬುದನ್ನು ಗಮನಿಸಬೇಕು.

ಇನ್ನು ದೋಷದ ವಿಚಾರ. ಪರಸ್ತ್ರೀವ್ಯಾಮೋಹವೇ ಅವನನ್ನು ಕೆಡಿಸಿತೆಂದು ಹರಿಕಥೆಗಳಲ್ಲಿ ಹೇಳುವುದುಂಟು, ಅದು ನಿಜವೇ. ಆದರೆ ಸೀತೆಯನ್ನು ಅಶೋಕವನದಲ್ಲಿಟ್ಟು ಬಲಾತ್ಕರಿಸಲಿಲ್ಲವೆಂಬುದನ್ನು ಅವನ ಗುಣವೆಂದು ಎಣಿಸುವವರಿದ್ದಾರೆ. ವಾಲ್ಮೀಕಿಯಲ್ಲಿ ಅದಕ್ಕೆ ಆಧಾರವಿಲ್ಲ. ಯುದ್ಧಕಾಂಡದಲ್ಲಿ ಮಹಾಪಾರ್ಶ್ವನು ಬಲಾತ್ಕಾರಕ್ಕೆ ಪ್ರೇರೇಪಿಸಿದಾಗ ರಾವಣನು ತಾನೇ ಗುಟ್ಟನ್ನು ಹೊರಗೆಡಹುತ್ತಾನೆ: ಹಿಂದೆ ಪುಂಜಿಕಸ್ಥಲೆಯೆಂಬ ಅಪ್ಸರೆಯನ್ನು ಕೆಡಿಸಿದ್ದಕ್ಕೆ, ಇನ್ನು ಯಾವ ಹೆಣ್ಣನ್ನಾದರೂ ಬಲಾತ್ಕರಿಸಿದರೆ ತಲೆ ನೂರು ಹೋಳಾಗಲೆಂದು ಬ್ರಹ್ಮನು ಶಪಿಸಿದ್ದನು. ಅವನನ್ನು ತಡೆದದ್ದು ಶಾಪಭಯವೇ ಹೊರತು ಶೀಲವಲ್ಲ. ಉತ್ತರಕಾಂಡದ ರಂಭೆಯ ಪ್ರಸಂಗದಲ್ಲಿ ಶಾಪವನ್ನು ಕೊಡುವವನು ನಲಕೂಬರ. ಫಲ ಮಾತ್ರ ಒಂದೇ.

ಇಲ್ಲಿ ನಮ್ಮ ಕನ್ನಡದ ಕವಿಯೊಬ್ಬನನ್ನು ನೆನೆಯಲೇಬೇಕು. ಸುಮಾರು 1100ರ ವೇಳೆಯ ನಾಗಚಂದ್ರ, ಅಭಿನವ ಪಂಪನೆಂದು ಖ್ಯಾತನಾದವನು, 'ರಾಮಚಂದ್ರಚರಿತ ಪುರಾಣ'ದಲ್ಲಿ ಜೈನ ಪರಂಪರೆಯನ್ನು ಅನುಸರಿಸಿ ಇದೇ ಸಂಯಮಕ್ಕೆ ಬೇರೊಂದು ಕಾರಣವನ್ನು ಕೊಟ್ಟನು. ಅಲ್ಲಿ ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬುದು ರಾವಣನು ತಾನಾಗಿ ಹಿಡಿದ ವ್ರತ. ಹೊರಗಿನ ಶಾಪ ಒಳಗಿನ ವ್ರತವಾದೊಡನೆ ಪಾತ್ರದ ಬಣ್ಣವೇ ಬದಲಾಯಿತು. ಸೀತೆಯ ದುಃಖವನ್ನು ಕಂಡು ಅಲ್ಲಿ ಅವನ ಮನಸ್ಸು ತಿಳಿಯಾಗುತ್ತದೆ, ಪಶ್ಚಾತ್ತಾಪವಾಗುತ್ತದೆ. ಹಾಗಿದ್ದರೆ ಒಡನೆ ಒಪ್ಪಿಸಬಾರದೆ? ಇಲ್ಲ. ಈಗ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ನಗುತ್ತದೆ. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ಅನಂತರ ಒಪ್ಪಿಸುತ್ತೇನೆ ಎನ್ನುತ್ತಾನೆ. ಕಾಮ ಹೋದಮೇಲೂ ಮಾನದ ಹಟ ಉಳಿಯಿತು. ನಮ್ಮ ವಿಮರ್ಶಕರು ಇವನಲ್ಲಿ ದುರಂತನಾಯಕನನ್ನು ಕಂಡದ್ದು ಯುಕ್ತವೇ ಆಗಿದೆ. 1949ರಲ್ಲಿ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ' ಕಾವ್ಯದಲ್ಲಿ ಕುವೆಂಪು ಅವರೂ ರಾವಣನ ಚಿತ್ತಪರಿವರ್ತನೆಯ ದಾರಿಯನ್ನು ಹಿಡಿದರು.

ನನ್ನ ಅಲ್ಪಮತಿಗೆ ತೋರುವಂತೆ ವಾಲ್ಮೀಕಿಯ ರಾವಣನ ಮೂಲದೋಷ ಕಾಮಕ್ಕಿಂತಲೂ ಆಳದಲ್ಲಿದೆ. ಅವನಿಗೆ ಹಿತವನ್ನು ಹೇಳಿದವರ ಸಂಖ್ಯೆಯನ್ನು ನೋಡಿ: ಮಾರೀಚ, ಹನುಮಂತ, ವಿಭೀಷಣ, ಮುದಿತಾತ ಮಾಲ್ಯವಂತ, ಕುಂಭಕರ್ಣ. ಹಿತವನ್ನು ಹೇಳುವವರೇ ಇಲ್ಲದೆ ಕೆಟ್ಟವನಲ್ಲ ಅವನು. ಹಾಗೆಂದು ಕೇಳುವ ಶಕ್ತಿಯೇ ಇರಲಿಲ್ಲವೆನ್ನೋಣವೆಂದರೆ, ಅದೂ ಸರಿಯಲ್ಲ. ಅಕಂಪನನು ಖರನ ವಧೆಯ ಸುದ್ದಿಯನ್ನು ತಂದು ಸೀತಾಪಹರಣದ ಉಪಾಯವನ್ನು ಮೊದಲು ಹೇಳಿದಾಗ, ರಾವಣನು ಮಾರೀಚನಲ್ಲಿಗೆ ಹೋಗಿ, ಅವನ ಬುದ್ಧಿವಾದವನ್ನು ಕೇಳಿ, ಸುಮ್ಮನೆ ಲಂಕೆಗೆ ಹಿಂದಿರುಗುತ್ತಾನೆ. ಹನುಮಂತನನ್ನು ಕೊಲ್ಲಲು ಆಜ್ಞಾಪಿಸಿದಾಗಲೂ, ದೂತನ ವಧೆ ಸಲ್ಲದೆಂಬ ವಿಭೀಷಣನ ಮಾತನ್ನು ಒಪ್ಪಿ ಶಿಕ್ಷೆಯನ್ನು ಬದಲಿಸುತ್ತಾನೆ. ಶೂರ್ಪನಖಿ ಬಂದು ಸೀತೆಯ ರೂಪವನ್ನು ಬಣ್ಣಿಸಿದಮೇಲೆ ಮಾತ್ರ ಅದೇ ಮಾರೀಚನ ಅದೇ ಮಾತು ಅವನಿಗೆ ಕೇಳಿಸುವುದಿಲ್ಲ. ಒಪ್ಪಿದರೆ ಅರ್ಧರಾಜ್ಯ, ಒಪ್ಪದಿದ್ದರೆ ಮರಣ ಎನ್ನುತ್ತಾನೆ. ತನ್ನ ಆಸೆ ಎಲ್ಲಿತ್ತೋ ಅಲ್ಲಿ ಮಾತ್ರ ಅವನಿಗೆ ಕಿವುಡು.

ಪ್ರಿಯವನ್ನು ಹೇಳುವವರು ಎಲ್ಲೆಲ್ಲೂ ಸಿಗುತ್ತಾರೆ, ಅಪ್ರಿಯವಾದ ಹಿತವನ್ನು ಹೇಳುವವನೂ ಅದನ್ನು ಕೇಳುವವನೂ ದುರ್ಲಭ ಎಂಬ ಮಾತನ್ನು ಮಾರೀಚನೂ ಹೇಳುತ್ತಾನೆ, ಮುಂದೆ ವಿಭೀಷಣನೂ ಹೇಳುತ್ತಾನೆ. ಇದನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟೆ. ಹಲವು ವರ್ಷಗಳ ಹಿಂದೆ ಮೇಲಧಿಕಾರಿಯೊಬ್ಬರ ಪತ್ರದಲ್ಲಿ ಒಂದು ತಪ್ಪು ಅಂಕಿಯನ್ನು ಕಂಡೂ, ಅವರ ಸಿಡುಕಿಗೆ ಅಂಜಿ, "ಎಲ್ಲ ಸರಿಯಾಗಿದೆ ಸಾರ್" ಎಂದು ಸಹಿಗೆ ಕೊಟ್ಟಿದ್ದೆ. ಅದರ ಫಲವನ್ನು ಉಂಡವನು ನನಗಿಂತ ಕಿರಿಯನಾದ ಒಬ್ಬ ಸಹೋದ್ಯೋಗಿ. ರಾವಣನ ಸಭೆಯಲ್ಲಿ ವಾನರರು ಯಾವ ಲೆಕ್ಕವೆಂದು ಎದ್ದುನಿಂತು ಕೊಚ್ಚಿಕೊಂಡ ಪ್ರಹಸ್ತಾದಿಗಳನ್ನು ಓದುವಾಗ ನನಗೆ ನಗು ಬರುವುದಿಲ್ಲ.

ಈಗ ಮಗಳ ಪ್ರಶ್ನೆಗೆ ಬರೋಣ. ಕುಂಭಕರ್ಣನನ್ನು ನಿದ್ರೆ ಮತ್ತು ಹೊಟ್ಟೆ ಎಂದು ಹಾಸ್ಯಮಾಡುವುದು ರೂಢಿ. ವಾಲ್ಮೀಕಿಯ ಕುಂಭಕರ್ಣನಾದರೋ ಸಭೆಯಲ್ಲೇ ಅಣ್ಣನನ್ನು ಗದರಿಸುತ್ತಾನೆ: ಈ ಆಲೋಚನೆಯನ್ನು ಸೀತೆಯನ್ನು ಕದ್ದು ತರುವುದಕ್ಕೆ ಮೊದಲು ನಮ್ಮೊಡನೆ ಮಾಡಬೇಕಾಗಿತ್ತು, ಮಾಡಿದಮೇಲೆ ಕೇಳಿ ಫಲವೇನು ಎನ್ನುತ್ತಾನೆ. ಅಷ್ಟು ಹೇಳಿ, ಆದರೂ ನಿನ್ನ ಶತ್ರುಗಳನ್ನು ನಾನು ಕೊಲ್ಲುತ್ತೇನೆ ಎಂದು ಮಾತನ್ನು ಮುಗಿಸುತ್ತಾನೆ. ಅವನು ಸತ್ಯವನ್ನು ಹೇಳಿದನು. ಹೇಳಿದ್ದಕ್ಕೆ ವಿರುದ್ಧವಾಗಿ ನಡೆದನು. ವಿಭೀಷಣನು ಹೇಳಿ, ಬೈಸಿಕೊಂಡು, ನಾಲ್ವರು ಸಂಗಡಿಗರೊಡನೆ ಲಂಕೆಯನ್ನೇ ಬಿಟ್ಟುಹೋದನು. ಮೈದಾನದಲ್ಲಿ ಸುಡುವುದು ಕುಂಭಕರ್ಣನನ್ನು. ಅನ್ನವಿಟ್ಟ ಅಣ್ಣನನ್ನು ಬಿಡಲಾರದ ತಮ್ಮನ ಮೇಲೆ ನನಗೆ ಮರುಕವುಂಟು. ಆದರೆ ಮಗಳಿಗೆ ಕೊಡಬೇಕಾಗಿದ್ದ ಉತ್ತರ ಇದೇ ಎಂದು ತೋರುತ್ತದೆ.

ರಣರಂಗದಲ್ಲಿ ಗಂಡನ ಶವದ ಮೇಲೆ ಬಿದ್ದು ಅಳುವ ಮಂಡೋದರಿ ಒಂದು ವಿಲಕ್ಷಣವಾದ ಮಾತನ್ನಾಡುತ್ತಾಳೆ: ಹಿಂದೆ ತಪಸ್ಸಿನಲ್ಲಿ ನೀನು ಇಂದ್ರಿಯಗಳನ್ನು ಗೆದ್ದೆ, ಆ ಹಗೆಯನ್ನು ನೆನೆದು ಅವೇ ಈಗ ನಿನ್ನನ್ನು ಗೆದ್ದವು. ಇಷ್ಟು ಚೆನ್ನಾಗಿ ಅವನನ್ನು ಅರಿತವರು ಬೇರಾರೂ ಇಲ್ಲ.

ಅಂತ್ಯಕ್ರಿಯೆಯ ಹೊತ್ತಿಗೆ ವಿಭೀಷಣನು ಹಿಂಜರಿಯುತ್ತಾನೆ. ಧರ್ಮವನ್ನು ಬಿಟ್ಟ, ಪರದಾರಾಪಹಾರಿಯಾದ ಇವನಿಗೆ ಸಂಸ್ಕಾರವನ್ನು ಮಾಡಲಾರೆನೆನ್ನುತ್ತಾನೆ. ಆಗ ರಾಮನು, ಹಗೆತನ ಮರಣದವರೆಗೆ ಮಾತ್ರ, ನಮ್ಮ ಕಾರ್ಯ ಮುಗಿಯಿತು, ಇವನು ನಿನಗೆ ಹೇಗೋ ನನಗೂ ಹಾಗೆಯೇ, ಸಂಸ್ಕಾರವನ್ನು ಮಾಡು ಎಂದು ಆಜ್ಞಾಪಿಸುತ್ತಾನೆ. ಲಂಕೆಯಿಂದ ರಾವಣನ ಅಗ್ನಿಹೋತ್ರದ ಅಗ್ನಿಗಳನ್ನು ತರಿಸುತ್ತಾರೆ. ಗಂಧದ ಕಟ್ಟಿಗೆಯ ಚಿತೆಯನ್ನೊಟ್ಟಿ, ವೇದೋಕ್ತವಾಗಿ, ತಮ್ಮನ ಕೈಯಿಂದಲೇ ಬೆಂಕಿ ಇಡಿಸುತ್ತಾರೆ. ರಾಮಾಯಣದಲ್ಲಿ ನಡೆದ ರಾವಣದಹನ ಇದು. ಬರುವ ವಿಜಯದಶಮಿಯ ಸಂಜೆ ಮೈದಾನಕ್ಕೆ ಹೊರಡುವ ಮೊದಲು, ಮಗಳನ್ನು ಕೂರಿಸಿಕೊಂಡು ಈ ಭಾಗವನ್ನು ಓದಿ ಹೇಳಬೇಕೆಂದಿದ್ದೇನೆ.