ಕ್ರಮಯೋಜನೆಗಳೂ ಗಣಕಯಂತ್ರವೂ

ಮುಂಬಯಿಯ ದಾದರ್, ಕುರ್ಲಾ, ಅಂಧೇರಿ ಮತ್ತು ಬೋರಿವಲಿ ನಿಲ್ದಾಣಗಳನ್ನು ಪರಿವೀಕ್ಷಕರೊಬ್ಬರು ಎಷ್ಟು ಬೇರೆ ಬೇರೆ ಅನುಕ್ರಮಗಳಲ್ಲಿ ಸಂದರ್ಶಿಸಬಹುದು? 4×3×2×1, ಅಂದರೆ 24. ಇಂತಹ ಪ್ರತಿಯೊಂದು ಅನುಕ್ರಮಕ್ಕೂ ಗಣಿತದಲ್ಲಿ ಕ್ರಮಯೋಜನೆ ಎಂದು ಹೆಸರು. ನಿಲ್ದಾಣಗಳು ಹತ್ತಾದರೆ ಈ ಸಂಖ್ಯೆ 36,28,800ಕ್ಕೆ ಏರುತ್ತದೆ. ಎರಡನೆಯ ಭಾಸ್ಕರನು 1150ರಲ್ಲಿ ರಚಿಸಿದ 'ಲೀಲಾವತಿ'ಯಲ್ಲಿ ಶಿವನ ಹತ್ತು ಕೈಗಳಲ್ಲಿ ಹತ್ತು ಆಯುಧಗಳನ್ನು ಬದಲಿಸಿ ಇರಿಸುವ ಲೆಕ್ಕಕ್ಕೆ ದೊರೆಯುವ ಉತ್ತರವೂ ಇದೇ.

ಇವೆಲ್ಲವನ್ನೂ ಗಣಕಯಂತ್ರದ ಸ್ಮೃತಿಯಲ್ಲಿ ಸಂಗ್ರಹಿಸಿಡುವುದು ಸುಲಭವಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಿರ್ಮಾಣಗೊಂಡು 1960ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರ್ಯಾಕ್ ಯಂತ್ರದ ಮುಖ್ಯ ಸ್ಮೃತಿಯಲ್ಲಿ 2,048 ಸ್ಥಾನಗಳಿದ್ದವು. ಒಂದೊಂದು ಸ್ಥಾನದಲ್ಲಿ ಒಂದೊಂದು ಕ್ರಮಯೋಜನೆಯನ್ನು ಇರಿಸಿದರೂ ಏಳು ವಸ್ತುಗಳ 5,040 ಕ್ರಮಯೋಜನೆಗಳು ಅದರಲ್ಲಿ ಹಿಡಿಸುವಂತಿರಲಿಲ್ಲ. ಇಂದಿನ ಯಂತ್ರಗಳ ಸ್ಮೃತಿ ವಿಶಾಲವಾಗಿದೆ. ಆದರೆ ಹದಿನೈದು ವಸ್ತುಗಳ ಕ್ರಮಯೋಜನೆಗಳೇ ಸುಮಾರು 1.3 ಲಕ್ಷ ಕೋಟಿಯಷ್ಟಾಗುತ್ತವೆ.

ಇದಕ್ಕೆ ಪರಿಹಾರವೆಂದರೆ ಪಟ್ಟಿಯನ್ನು ಕೂಡಿಡದೆ, ಕೈಯಲ್ಲಿರುವ ಒಂದು ಕ್ರಮದಿಂದಲೇ ಮುಂದಿನದನ್ನು ಪಡೆಯುವುದು. ಉದಾಹರಣೆಗೆ 1 3 4 2 ಎಂಬ ಕ್ರಮವನ್ನು ತೆಗೆದುಕೊಳ್ಳೋಣ. ಬಲದಿಂದ ಎಡಕ್ಕೆ ಸಾಗುತ್ತಾ, ತನ್ನ ಬಲಬದಿಯ ಅಂಕಿಗಿಂತ ಚಿಕ್ಕದಾದ ಮೊದಲ ಅಂಕಿಯನ್ನು ಗುರುತಿಸಬೇಕು. ಇಲ್ಲಿ ಅದು 3. ಅದರ ಬಲಕ್ಕಿರುವ ಅಂಕಿಗಳಲ್ಲಿ 3ಕ್ಕಿಂತ ದೊಡ್ಡದಾದ, ಆದರೆ ಅಂತಹವುಗಳಲ್ಲಿ ಅತಿ ಚಿಕ್ಕದಾದ ಅಂಕಿ 4. ಇವೆರಡನ್ನೂ ಅದಲುಬದಲು ಮಾಡಿದರೆ 1 4 3 2 ಆಗುತ್ತದೆ. ಬಳಿಕ 4ರ ಬಲಭಾಗವನ್ನು ತಿರುಗಿಸಿ ಬರೆದರೆ 1 4 2 3 ಎಂಬ ಮುಂದಿನ ಕ್ರಮ ಸಿದ್ಧವಾಗುತ್ತದೆ. ಕ್ರಮಯೋಜನೆಗಳನ್ನು ಒಂದಾದ ಮೇಲೊಂದರಂತೆ ಪಡೆಯುವ ಇಂತಹ ವಿಧಾನವನ್ನು ನಾರಾಯಣ ಪಂಡಿತನು 1356ರ 'ಗಣಿತಕೌಮುದಿ'ಯಲ್ಲಿಯೇ ನಿರೂಪಿಸಿದ್ದನು.

ಸ್ಮೃತಿಯ ತೊಡಕು ಹೀಗೆ ನೀಗಿದರೂ ಕಾಲದ ತೊಡಕು ಉಳಿಯುತ್ತದೆ. ಸೆಕೆಂಡಿಗೆ ಒಂದು ಕೋಟಿಯಂತೆ ರಚಿಸಿದರೂ ಹದಿನೈದು ವಸ್ತುಗಳಿಗೆ ಸುಮಾರು 36 ಗಂಟೆಗಳೂ, ಇಪ್ಪತ್ತು ವಸ್ತುಗಳಿಗೆ ಏಳು ಸಾವಿರಕ್ಕೂ ಹೆಚ್ಚು ವರ್ಷಗಳೂ ಬೇಕು. ಆದುದರಿಂದ ಅನೇಕ ಲೆಕ್ಕಗಳಲ್ಲಿ ಕೆಲವು ಸಾವಿರ ಕ್ರಮಯೋಜನೆಗಳನ್ನು ಮಾತ್ರ ಯಾದೃಚ್ಛಿಕವಾಗಿ ಆರಿಸಿಕೊಳ್ಳುತ್ತಾರೆ. ಇದಕ್ಕಾಗಿ ಕೊನೆಯ ಸ್ಥಾನದಿಂದ ಆರಂಭಿಸಿ, ಆ ಸ್ಥಾನವೂ ಸೇರಿದಂತೆ ಅದರವರೆಗಿನ ಸ್ಥಾನಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸಿ, ಅದರೊಡನೆ ಅದಲುಬದಲು ಮಾಡುತ್ತಾ ಹಿಂದಕ್ಕೆ ಸಾಗಬೇಕು. ಆಗ ಎಲ್ಲ ಕ್ರಮಗಳಿಗೂ ಸಮಾನ ಅವಕಾಶ ದೊರೆಯುತ್ತದೆ. ಪ್ರತಿ ಹಂತದಲ್ಲಿಯೂ ಎಲ್ಲ ಸ್ಥಾನಗಳಿಂದ ಆರಿಸುವುದು ಸರಿಯೆಂದು ತೋರಬಹುದು. ಆದರೆ ಮೂರು ವಸ್ತುಗಳಿಗೆ ಹಾಗೆ ಮಾಡಿದಾಗ ಉಂಟಾಗುವ 27 ಸಾಧ್ಯತೆಗಳನ್ನು ಆರು ಕ್ರಮಗಳಿಗೆ ಸಮನಾಗಿ ಹಂಚಲಾಗದು. ಕೆಲವು ಕ್ರಮಗಳು ಹೆಚ್ಚು ಬಾರಿ ಬಂದೇ ತೀರುತ್ತವೆ.

ಈ ವ್ಯತ್ಯಾಸ ಕೇವಲ ಪಾಂಡಿತ್ಯದ ವಿಷಯವಲ್ಲ. ಮುಂಬಯಿಯಲ್ಲಿ ಮಹಾರಾಷ್ಟ್ರ ವಸತಿ ಮತ್ತು ಪ್ರದೇಶಾಭಿವೃದ್ಧಿ ಪ್ರಾಧಿಕಾರವು ಮನೆಗಳನ್ನು ಗಣಕೀಕೃತ ಲಾಟರಿಯ ಮೂಲಕ ಹಂಚುತ್ತದೆ. ಇಂತಹ ಯಾವುದೇ ಹಂಚಿಕೆಯಲ್ಲಿ ಹೆಸರುಗಳನ್ನು ಕಲೆಸುವ ವಿಧಾನವು ನಿಷ್ಪಕ್ಷಪಾತವಾಗಿದ್ದರೆ ಮಾತ್ರ ಪ್ರತಿಯೊಬ್ಬ ಅರ್ಜಿದಾರನಿಗೂ ಸಮಾನ ನ್ಯಾಯ ದೊರೆಯುವುದು.